ಅಳಿಸಿದ ಬಾಣ

ಆಪರೇಷನ್‌ಗೆ ಕರೆದೊಯ್ಯುವ ಮುನ್ನ ಹೊದಿಕೆ ಸರಿಸಿ ನೋಡಿದ ಸರ್ಜನ್‌ಗೆ ಪಿತ್ತ ನೆತ್ತಿಗೇರಿತು. ರೋಗಿಯ ಮೊಣಕಾಲಿನ ಮೇಲೆ ಬೆಳಿಗ್ಗೆ ತಾವೇ ಮಾರ್ಕರ್‌ನಿಂದ ಬರೆದಿದ್ದ ಬಾಣದ ಗುರುತು ಮಾಯವಾಗಿತ್ತು. ಅಲ್ಲೀಗ ಕೊಬ್ಬರಿ ಎಣ್ಣೆಯ ಜಿಡ್ಡು ಹೊಳೆಯುತ್ತಿತ್ತು.

“ಯಾರು ಇದನ್ನ ಅಳಿಸಿದ್ದು?”

“ನಾನೇ ಸಾರ್,” ಎಂದಳು ರೋಗಿಯ ಹೆಂಡತಿ.

“ಏನಮ್ಮಾ, ಇದೇನು ಎಣ್ಣೆ ನೀರು ಹಾಕೋ ಬಚ್ಚಲುಮನೆ ಅಂದ್ಕೊಂಡ್ರಾ? ನಿನ್ನೆ ಅರ್ಧ ಗಂಟೆ ಬಾಯಿ ನೋಯೋ ಹಾಗೆ ಹೇಳಿದೀನಿ. ಕೀಲು ಪೂರ್ತಿ ತೆರೆದ್ರೆ ಒಳಗೆ ಕೆಟ್ಟಿರೋದೆಲ್ಲ ಕಣ್ಣಿಗೆ ಕಾಣುತ್ತೆ, ಸರಿಯಾಗಿ ರಿಪೇರಿ ಮಾಡಬಹುದು, ಇವರು ಮತ್ತೆ ಬಸ್ ಓಡಿಸಬಹುದು. ಆದ್ರೆ ಗಾಯ ದೊಡ್ಡದು, ಒಳಗೆ ನಂಜಾದ್ರೆ ಕಾಲೇ ಹೋಗಬಹುದು ಅಂತ. ಹೇಳಿದ್ನೋ ಇಲ್ವೋ?”

“ಹೇಳಿದ್ರಿ ಸಾರ್.”

“ಮತ್ತೆ ಯಾಕೆ ಈ ಎಣ್ಣೆ ಸುರಿದ್ರಿ?”

“ಬರೀ ಸೋಪಿಗೆ ಹೋಗ್ಲಿಲ್ಲ ಸಾರ್.”

ಸರ್ಜನ್‌ರ ದನಿ ವಾರ್ಡಿನ ಆ ತುದಿಗೂ ಕೇಳಿಸಿತು. “ಅಂದ್ರೆ ಬೇಕು ಅಂತಲೇ ಅಳಿಸಿದ್ರಾ! ಆ ಗುರುತು ಯಾಕೆ ಹಾಕ್ತೀವಿ ಅಂತ ಗೊತ್ತೇನಮ್ಮಾ ನಿಮಗೆ?”

“ಗೊತ್ತು ಸಾರ್, ಅದಕ್ಕೇ ಜೀವ ಹಾರಿಹೋಯ್ತು. ಹೇಳೋಣ ಅಂದ್ರೆ, ಡಾಕ್ಟ್ರಿಗೆ ನೀನು ಪಾಠ ಹೇಳ್ಬೇಡ, ಸುಮ್ನಿರು ಅಂದ್ರು ಇವರು.”

ಹಾಸಿಗೆಯ ಮೇಲಿದ್ದ ಗಂಡ ಕಣ್ಣು ಮುಚ್ಚಿಕೊಂಡ. ಅವಳು ಎಣ್ಣೆ ಹಚ್ಚಿದ ಕಾಲಿಗೆ ಹೊದಿಕೆ ಎಳೆದು, ಇನ್ನೊಂದು ಕಾಲಿನದನ್ನು ಸರಿಸಿದಳು.

“ನೋವಿರೋದು ಈ ಕಾಲು ಸಾರ್.”