ಆನೆ ಬಾಗಿಲ ದಾರಿ

ಶ್ರೀರಂಗಪಟ್ಟಣ ಕಾವೇರಿಯಲ್ಲಿ ಮುಳುಗಿ ಎರಡು ತಲೆಮಾರು ಕಳೆದರೂ ಚಿಕ್ಕತಾಯಿಯ ಹರಿಗೋಲು ಒಂದು ದಿನವೂ ಕೋಟೆಗೋಡೆಯ ಮೇಲೆ ಹಾದದ್ದಿಲ್ಲ. ಗೋಡೆ ಎಷ್ಟೇ ಆಳದಲ್ಲಿರಲಿ, ಕರಿಘಟ್ಟದ ಗುಡಿಯನ್ನು ಗುರುತಿಟ್ಟುಕೊಂಡು ಗೋಡೆಯನ್ನು ಸುತ್ತಿ ಬಂದು, ಆನೆ ಬಾಗಿಲು ಇದ್ದ ಕಡೆಯಿಂದಲೇ ಒಳಗೆ ಹೋಗುವುದು ಅವಳ ಮನೆತನದ ಪದ್ಧತಿ. ಮುಳುಗಿದ ರಂಗನಾಥನ ಗೋಪುರ ಬಂತೆಂದರೆ ಹರಿಗೋಲಿನಲ್ಲಿದ್ದವರು ಚಪ್ಪಲಿ ಕಳಚುತ್ತಿದ್ದರು, ಮಸೀದಿಯ ಮಿನಾರು ಬಂತೆಂದರೆ ಮಾತು ನಿಲ್ಲಿಸುತ್ತಿದ್ದರು.

ಅಂದು ತಪಾಸಣೆಗೆಂದು ಪ್ರವಾಸಿಗರ ಜೊತೆ ಹತ್ತಿದ್ದ ಜಲ ಇಲಾಖೆಯ ಅಧಿಕಾರಿ ವಿದ್ಯಾಧರನಿಗೆ ಇದೆಲ್ಲ ಸರಿಬರಲಿಲ್ಲ.

"ಇಷ್ಟು ದೊಡ್ಡ ಸುತ್ತು ಯಾಕಮ್ಮ? ನೇರ ಹೋಗು."

"ಅಲ್ಲಿ ಗ್ವಾಡೆ ಅದೆ ಸ್ವಾಮಿ."

"ನನಗೆ ಕಾಣ್ತಿರೋದು ನೀರು. ಇನ್ಮೇಲೆ ಎಲ್ಲರೂ ನೇರ ದಾರೀಲೇ ಹೋಗಬೇಕು ಅಂತ ಆರ್ಡರ್ ಆಗಿದೆ. ಆಗಲ್ಲ ಅಂದ್ರೆ ಲೈಸೆನ್ಸ್ ವಾಪಸ್ ಕೊಟ್ಟುಬಿಡು."

ಚಿಕ್ಕತಾಯಿ ಕೊರಳಲ್ಲಿದ್ದ ಲೈಸೆನ್ಸ್ ಬಿಲ್ಲೆಯನ್ನು ಬಿಚ್ಚಿ ಅವನ ಕೈಗಿಟ್ಟಳು.

"ತಕ್ಕಳಿ. ಈ ಗ್ವಾಡೆ ಒಡ್ಕಂಡು ಬಂದೋರು ಊರು ಲೂಟಿ ಹೊಡಿಯಾಕೆ ಬಂದೋರು. ನಾವು ಊರೋರು. ಬಾಗ್ಲಲ್ಲೇ ಬರ್ತೀವಿ."

ಪೂರಾ ಸುತ್ತು ಹಾಕಿದಳು. ಆನೆ ಬಾಗಿಲ ಎದುರಿಗೆ ಬಂದಾಗ ಹುಟ್ಟು ಹಾಕುವುದನ್ನು ನಿಲ್ಲಿಸಿದಳು. ಕರಿಘಟ್ಟವೊಂದನ್ನು ಬಿಟ್ಟರೆ ಕಣ್ಣು ಹಾಯಿಸಿದಷ್ಟು ದೂರವೂ ಬರೀ ನೀರು.

"ಸಾಹೇಬ್ರು ನಮ್ ಜೊತೆ ಒಳೀಕೆ ಬರ್ತೀರೋ, ಇಲ್ಲಾ ಆ ಗ್ವಾಡೆ ತಾವ ಇಳಿಸ್ಲೋ?"