ಬೆಂಚಿನ ಮೇಲೊಂದು ಭಾನುವಾರ

"ಪಾಸ್ಟರೇ, ಇವತ್ತಿನ ಪ್ರಸಂಗ ನೀವೇ ಮಾಡ್ಬಿಡಿ," ಎಂದು ಆ ಚರ್ಚಿನ ಹಿರಿಯರು ಕೇಳಿದ್ದೇ ತಡ, ರಜೆಗೆಂದು ಸಮುದ್ರತೀರಕ್ಕೆ ಬಂದಿದ್ದ ಪಾಸ್ಟರು ಅಭ್ಯಾಸಬಲದಿಂದ ಅರ್ಧ ಎದ್ದೇಬಿಟ್ಟರು. ಪಕ್ಕದಲ್ಲಿದ್ದ ಹೆಂಡತಿ ಅವರ ಅಂಗಿಯ ಅಂಚು ಹಿಡಿದೆಳೆದಳು. "ದೇವರೇ ಏಳನೇ ದಿನ ಕೆಲಸ ಬಿಟ್ಟು ಕೂತ. ನಿಮಗೇನ್ರೀ ಬಂದಿರೋದು?"

ಹಿರಿಯರು ನಗುತ್ತಾ ತಾವೇ ಮುಂದೆ ಹೋದರು. ಪಾಸ್ಟರು ಪೆಚ್ಚಾಗಿ ಕೂತರು. ಕೂತರೂ ಜೀವ ತಡೆಯದೆ, ಮೈಕು ಕರಕರ ಅನ್ನುತ್ತಿದೆ ಎಂದು ಗೊಣಗಿದರು. ಅಷ್ಟರಲ್ಲಿ ಎಲ್ಲರೂ ಎದ್ದು ನಿಂತು ಕೀರ್ತನೆ ಶುರುಮಾಡಿದರು.

ಪಕ್ಕದಲ್ಲೇ ಒಂದು ದನಿ ಮೆಲ್ಲಗೆ ಮೇಲೇರಿತು. ತಿರುಗಿ ನೋಡಿದರೆ, ಹೆಂಡತಿ ಮೈಮರೆತು ಹಾಡುತ್ತಿದ್ದಳು. ಮದುವೆಯಾದಾಗಿನಿಂದ ಪ್ರತಿ ಭಾನುವಾರವೂ ಅವರು ಮುಂದೆ ನಿಂತವರು, ಅವಳು ಹಿಂದಿನ ಬೆಂಚಿನಲ್ಲಿ ಕೂತವಳು. ಆರಾಧನೆಯಲ್ಲಿ ಅವಳ ದನಿಯನ್ನು ಅವರು ಒಮ್ಮೆಯೂ ಹತ್ತಿರದಿಂದ ಕೇಳಿರಲಿಲ್ಲ.

ಪಾಸ್ಟರು ತಮ್ಮ ಹಾಡು ನಿಲ್ಲಿಸಿ, ಕಣ್ಣುಮುಚ್ಚಿ ಕೇಳುತ್ತಾ ನಿಂತರು.