ದೊಡ್ಡ ಎಸ್, ಸಣ್ಣ ಎಸ್

“ಶಾಲೆ ಅರ್ಧಕ್ಕೆ ಬಿಟ್ಟವನ ಕೆಲಸಾನೂ ಅರ್ಧಕ್ಕೇ ನಿಲ್ಲುತ್ತೆ, ಎಲ್ಲರೂ ನೋಡಿ,” ಎಂದು ಮ್ಯಾನೇಜರು ತನ್ನ ಲ್ಯಾಪ್‌ಟಾಪನ್ನು ಬೆರಳಿನಿಂದ ತಟ್ಟಿದ. “ಎರಡು ದಿನದಿಂದ ಒಂದು ಮೇಲ್ ಹೊರಗೆ ಹೋಗ್ತಿಲ್ಲ. ಏನಪ್ಪಾ ವಿಜ್ಞಾನಿ, ಇದೇನಾ ನಿನ್ನ ಎಕ್ಸ್‌ಟೆನ್ಷನ್ನು?”

ಕುರ್ಚಿಗಳು ತಿರುಗಿದವು. ಯಾರೋ ಕಿಸಕ್ಕೆಂದರು.

ಆಫೀಸಿನಲ್ಲಿ ಅವನಿಗಿದ್ದ ಹೆಸರೇ ವಿಜ್ಞಾನಿ. ಹೊಗಳಿಕೆಯಲ್ಲ, ಕುಟುಕು. ಹತ್ತನೇ ತರಗತಿ ಮುಗಿಸದವನಿಗೆ ತಾನೇ ಬರೆದ ಆ ಎಕ್ಸ್‌ಟೆನ್ಷನ್ನೇ ಡಿಗ್ರಿ. ಅದನ್ನು ಬ್ರೌಸರಿಗೆ ಸೇರಿಸಿಕೊಂಡರೆ ಮೌಸ್ ಮುಟ್ಟಬೇಕಿಲ್ಲ. ಪ್ರೋಗ್ರಾಮರುಗಳ ಎಡಿಟರಿನಲ್ಲಿರುವಂತೆ, ಎಸ್ಕೇಪ್ ಒತ್ತಿದ ಮೇಲೆ ಒಂದೊಂದು ಅಕ್ಷರವೂ ಒಂದೊಂದು ಅಪ್ಪಣೆ. ಜೆ ಒತ್ತಿದರೆ ಪುಟ ಕೆಳಗೆ, ಕೆ ಒತ್ತಿದರೆ ಮೇಲೆ. ಅದನ್ನು ನೋಡಿಯೇ ಅವನನ್ನು ಪ್ರೊಬೇಷನ್ ಮೇಲೆ ಕೆಲಸಕ್ಕೆ ತೆಗೆದುಕೊಂಡಿದ್ದರು. ಕಾಯಂ ಮಾಡುತ್ತಾರೋ ಇಲ್ಲವೋ ಈ ವಾರ ಗೊತ್ತಾಗಬೇಕಿತ್ತು. ಎಕ್ಸ್‌ಟೆನ್ಷನ್ ಕೆಟ್ಟಿದೆ ಎಂದಾದರೆ ಬೇರೆ ವಿಚಾರಣೆಯೇ ಬೇಡ.

ಅದನ್ನು ಬರೆದದ್ದು ಸಲೀಸು. ಉಳಿಸಿಕೊಂಡು ಬರುವುದೇ ನರಕ. ಬ್ರೌಸರು ಹೊಸದಾದಾಗಲೆಲ್ಲ ಏನಾದರೊಂದು ಮುರಿಯುತ್ತದೆ, ಬಳಸುವ ಮಂದಿ ಬಾಯಿಗೆ ಬಂದಂತೆ ಬೈಯುತ್ತಾರೆ. ಬೈಯುವವರಲ್ಲಿ ಮುಕ್ಕಾಲು ಪಾಲು ದಡ್ಡರು, ಉಳಿದವರು ಸೋಮಾರಿಗಳು ಎಂಬುದು ಅವನ ತೀರ್ಮಾನ. ಅವರು ಕಳಿಸುವ ಪರದೆಯ ಚಿತ್ರಗಳಲ್ಲಿ ಏನು ಬರೆದಿದೆ ಎಂದು ಅವನು ಯಾವತ್ತೂ ಓದಿದವನಲ್ಲ. ಅವರ ಪ್ರೇಮಪತ್ರ, ಅವರ ಮನೆಯ ಜಗಳ ಯಾರಿಗೆ ಬೇಕು? ಯಾವ ಕೀ ಎಲ್ಲಿ ತಪ್ಪಿತು, ಅಷ್ಟೇ.

ಅವನು ಎದ್ದು ಬಂದ. “ಮೌಸ್‌ನಲ್ಲೇ ಕಳಿಸಬಹುದಿತ್ತಲ್ಲ ಸಾರ್.”

“ಕಳಿಸಬಹುದಿತ್ತು. ಇದು ಮಾತ್ರ ನಿನ್ನ ಎಕ್ಸ್‌ಟೆನ್ಷನ್ನಿಂದಲೇ ಹೋಗ್ಲಿ ಅಂತ ನನಗಾಸೆ.”

“ಒತ್ತಿ ತೋರಿಸಿ.”

ಮ್ಯಾನೇಜರು ಎಸ್ ಒತ್ತಿದ. ಮೇಲ್ ಹೋಗುವ ಬದಲು ಡ್ರಾಫ್ಟುಗಳ ನಡುವೆ ಹೋಗಿ ಕೂತಿತು. ಮತ್ತೆ ತೆರೆದು ಒತ್ತಿದ. ಮತ್ತೆ ಅಲ್ಲೇ.

ಅವನು ನೋಡಿದ್ದು ಕೀಬೋರ್ಡಿನ ಅಂಚಿನ ಪುಟ್ಟ ದೀಪವನ್ನು. ಕ್ಯಾಪ್ಸ್ ಲಾಕ್ ಉರಿಯುತ್ತಿತ್ತು. ಸಣ್ಣ ಎಸ್ ಕಳಿಸುತ್ತದೆ, ದೊಡ್ಡ ಎಸ್ ಎತ್ತಿಡುತ್ತದೆ. ಇಷ್ಟಕ್ಕೆ ಎರಡು ದಿನ ಒದ್ದಾಡಿದ್ದಾನೆ. ಈ ಮುಖಕ್ಕೆ ಟೈ ಬೇರೆ ಕೇಡು.

“ಎಕ್ಸ್‌ಟೆನ್ಷನ್ ಚೆನ್ನಾಗೇ ಇದೆ ಸಾರ್. ಕೆಟ್ಟಿರೋದು ಬೇರೆ ಏನೋ.”

ಮೊದಲು ನಕ್ಕವರೇ ಈಗ ಕೆಮ್ಮಿ ನಗು ನುಂಗಿದರು. ಅಕೌಂಟ್ಸ್ ನೋಡುವ ಅಕ್ಕ ಮಾತ್ರ ನಗಲಿಲ್ಲ. ಬೆಳಗಿನಿಂದ ಅವನ ಮುಖ ತಪ್ಪಿಸಿ ಓಡಾಡುತ್ತಿದ್ದವಳು ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದಳು: “ಒತ್ತೋಕೆ ಮುಂಚೆ ಒಂದ್ಸಲ ಕಣ್ಣಾಡಿಸೋ ತಮ್ಮಾ.”

“ಅವರ ಪುರಾಣ ನನಗ್ಯಾಕಕ್ಕಾ? ನನ್ನ ಕೀ ಕೆಲಸ ಮಾಡಿದ್ರೆ ಸಾಕು.”

ಕ್ಯಾಪ್ಸ್ ಲಾಕ್ ಆರಿಸಿದ. ಎಲ್ಲರಿಗೂ ಕಾಣಲೆಂದು ಬೆರಳನ್ನು ಮೇಲಕ್ಕೆತ್ತಿ ಎಸ್ ಒತ್ತಿದ. ಮೇಲ್ ಹೋಯಿತು.

ಅವನ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು.

ತೆಗೆದ. ಬಳಸುವವನೊಬ್ಬ ಬರೆದದ್ದನ್ನು ಮೊದಲ ಸಲ ಪೂರ್ತಿ ಓದಿದ. ‘ನಿಮ್ಮ ಎಕ್ಸ್‌ಟೆನ್ಷನ್ ಪದೇ ಪದೇ ಕೈಕೊಡುತ್ತಿರುವುದರಿಂದ, ನಾಳೆಯಿಂದ ನೀವು ಕೆಲಸಕ್ಕೆ ಬರುವುದು ಬೇಡ.’

“ಬಂತಾ ವಿಜ್ಞಾನಿ?” ಎಂದ ಮ್ಯಾನೇಜರು.

ಅವನು ಫೋನನ್ನು ಜೇಬಿಗಿಳಿಸಿ ಬಾಗಿಲಿನತ್ತ ನಡೆದ.